ಆಲ್ಪ್ಸ್ ಮೇಲೆ ಮೂರಂತಸ್ತಿನ ಮನೆ

ಬಸ್ ಸ್ಟಾಪು

ಶಿವಗಂಗೆ, ದೇವರಾಯನದುರ್ಗ, ಸಿದ್ದರಬೆಟ್ಟ ಮೂರನ್ನೂ ಹತ್ತಿ ಇಳಿದವನಿಗೆ ಆಸ್ಟ್ರಿಯಾದ ಒಂದು ಗುಡ್ಡ ಯಾವ ಲೆಕ್ಕ ಎಂದು ನಾನು ಹಿಂದಿನ ಸಂಜೆ ಜಂಬ ಕೊಚ್ಚಿದ್ದೆ. ಬೆಳಿಗ್ಗೆ ಗುಡ್ಡದವರೆಗೂ ಹೋಗಬೇಕಾಗಲಿಲ್ಲ, ಬಸ್ ಸ್ಟಾಪಿನಲ್ಲೇ ಮರ್ಯಾದೆ ಹೋಯಿತು. ನಾನೂ ನನ್ನ ಹೆಂಡತಿ ಲಲಿತಾಳೂ ಅಭ್ಯಾಸಬಲದಿಂದ ರಸ್ತೆಯ ಎಡಬದಿಯಲ್ಲಿ ನಿಂತಿದ್ದೆವು. ಈ ದೇಶದಲ್ಲಿ ಗಾಡಿಗಳು ಓಡುವುದು ಬಲಕ್ಕೆ. ನಮ್ಮ ಬಸ್ಸು ಎದುರಿನ ಬದಿಗೆ ಬಂದು, ಯಾರೂ ಇಲ್ಲವೆಂದು ಕಂಡು, ಹೇಳಿದ ನಿಮಿಷಕ್ಕೆ ಸರಿಯಾಗಿ ಹೊರಟುಹೋಯಿತು.

ಗುಬ್ಬಿಯಿಂದ ತುಮಕೂರಿಗೆ ಬರುವ ನಮ್ಮ ಖಾಸಗಿ ಬಸ್ಸಾಗಿದ್ದರೆ ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, ಸೆರಗು ಬಿಗಿದು ಓಡಿಬರುವ ಹೆಂಗಸಿಗಾಗಿ ಎರಡು ಸಲ ವಿಶಲ್ ಹೊಡೆದು ನಿಲ್ಲಿಸುತ್ತಿದ್ದ. ಮೂವತ್ತೆರಡು ವರ್ಷ ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡಲು ನಾನು ಆ ಬಸ್ಸುಗಳಲ್ಲೇ ಓಡಾಡಿದವನು. ಎಡ ಬಲ ತಿಳಿಯದ ಮೇಷ್ಟರು ಎಂದು ಲಲಿತಾ ಅಂದು ನನ್ನನ್ನು ಅಣಕಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಮ್ಮನ್ನು ಅಲ್ಲಿಗೆ ಕರೆಸಿಕೊಂಡವಳು ನನ್ನ ತಂಗಿಯ ಮಗಳು ರೇಖಾ. ಅಲ್ಲಿನ ಒಂದು ಪುಟ್ಟ ಊರಿನ ವೃದ್ಧಾಶ್ರಮದಲ್ಲಿ ನರ್ಸ್. ಅಂಗಡಿಯಿಂದ ಬ್ರೆಡ್ ತೆಗೆದುಕೊಂಡು ಬಂದವಳು ನಾವು ನಿಂತ ಜಾಗ ನೋಡಿ ತಲೆ ಚಚ್ಚಿಕೊಂಡಳು.

"ಮಾವ, ನಾನೇನ್ ಹೇಳಿದ್ದೆ ನಿಮಗೆ?"

"ಬಸ್ ಸ್ಟಾಪ್ ಹತ್ರ ನಿಂತ್ಕೊಳಿ ಅಂದಿದ್ದೆ. ನಿಂತಿದೀವಲ್ಲ."

"ಬುಡಮ್ಮ, ಅವರತ್ರ ವಾದ ಮಾಡ್ಬೇಡ" ಎಂದಳು ಲಲಿತಾ. "ಇನ್ನೊಂದು ಬಸ್ ಬರೋವರ್ಗೂ ಚಿತ್ರಾನ್ನ ತಿನ್ನಣ."

ಹಾಗಾಗಿ ಬೆಟ್ಟದ ಮೇಲೆ ತಿನ್ನಬೇಕಿದ್ದ ಚಿತ್ರಾನ್ನ ಬಸ್ ಸ್ಟಾಪಿನ ಬೆಂಚಿನ ಮೇಲೇ ಮುಗಿಯಿತು.

ಕಾಡು

ರೇಖಾ ಆರಿಸಿದ್ದು ತೀರಾ ಸುಲಭದ ದಾರಿ. ಒಂದೂವರೆ ಗಂಟೆ ಕಾಡಿನೊಳಗೆ ನಡೆದರೆ ಒಂದು ಕೆರೆ, ಅದರ ದಡದಲ್ಲಿ ಒಂದು ಮರದ ಹೋಟೆಲು, ಅಲ್ಲಿಂದ ಅರ್ಧ ಗಂಟೆ ಮೇಲೆ ಹೋದರೆ ಕಣಿವೆಯೆಲ್ಲ ಕಾಣುವ ಒಂದು ಬಂಡೆ. ಮಕ್ಕಳು ಮರಿ ಎಲ್ಲ ಹೋಗುತ್ತಾರೆ ಎಂದಿದ್ದಳು.

ಕಾಡು ನನಗೆ ಸ್ವಲ್ಪ ಅನುಮಾನ ಹುಟ್ಟಿಸುವಷ್ಟು ಚೊಕ್ಕಟವಾಗಿತ್ತು. ಒಂದು ಬೀಡಾ ಪೊಟ್ಟಣ ಇಲ್ಲ, ಬಂಡೆಗಳ ಮೇಲೆ ಪ್ರೇಮಿಗಳ ಹೆಸರಿಲ್ಲ. ಬಾಣದಂತೆ ನೆಟ್ಟಗಿದ್ದ ಮರಗಳ ಕೆಳಗೆ ಒಣ ಕೊಂಬೆಗಳು ರಾಶಿ ಬಿದ್ದಿದ್ದವು. ಹೆಬ್ಬೂರಿನ ತೋಟದಲ್ಲಿ ಬೆಳೆದ ಲಲಿತಾಳಿಗೆ ಅದನ್ನು ನೋಡಿ ಸಂಕಟ.

"ಇಷ್ಟೊಂದು ಸೌದೆ ಯಾರೂ ಆಯ್ಕೊಳಲ್ವೇನೇ? ಹಂಗೇ ಕೊಳ್ಯಕ್ಕೆ ಬಿಟ್ಟವ್ರಲ್ಲ."

"ಕೊಳೀಲಿ ಅಂತಾನೇ ಬಿಡೋದು ಅತ್ತೆ. ಹುಳ ಹುಪ್ಪಟೆಗೆ ಬೇಕಂತೆ."

ಅಲ್ಲಲ್ಲಿ ಮರದ ಬೊಡ್ಡೆಗೆ, ಕಲ್ಲಿಗೆ ಕೆಂಪು ಬಿಳಿ ಕೆಂಪು ಎಂದು ಮೂರು ಪಟ್ಟೆ ಬಳಿದಿದ್ದರು. ಸುಣ್ಣ ಕೆಮ್ಮಣ್ಣು ಬಳಿದ ನಮ್ಮ ದೇವಸ್ಥಾನದ ಗೋಡೆಯೇ ಸರಿ. ಮೇಲೆ ಯಾವುದೋ ದೇವರು ಇರಲೇಬೇಕು ಎಂದು ಲಲಿತಾ ತೀರ್ಮಾನಿಸಿದಳು. ಅದು ದಾರಿಯ ಗುರುತು ಎಂದು ರೇಖಾ ಹೇಳಿದಳು. ಎರಡೂ ಇರಬಹುದಲ್ಲ ಎಂದು ಲಲಿತಾ ಬಿಟ್ಟುಕೊಡಲಿಲ್ಲ.

ನನ್ನ ಕುತೂಹಲವೆಲ್ಲ ಜನರ ಮೇಲಿತ್ತು. ಕೆಳಗೆ ಊರಿನಲ್ಲಿ ಮುಖ ಎತ್ತಿ ನೋಡದೆ ಹೋಗುವ ಇದೇ ಜನ ಕಾಡಿನ ದಾರಿಯಲ್ಲಿ ಎದುರಾದ ಪ್ರತಿಯೊಬ್ಬರಿಗೂ ನಮಸ್ಕಾರ ಹೇಳುತ್ತಾರೆ. ಅವರ ನಮಸ್ಕಾರದಲ್ಲಿ ದೇವರ ಹೆಸರಿದೆಯಂತೆ. ನಾನು ಕೈ ಜೋಡಿಸಿ ಅದನ್ನೇ ತಿರುಗಿ ಹೇಳಿದೆ. ಹತ್ತು ಜನಕ್ಕೆ ಹೇಳುವಷ್ಟರಲ್ಲಿ ಮದುವೆ ಮನೆ ಬಾಗಿಲಲ್ಲಿ ನಿಂತ ಹೆಣ್ಣಿನ ತಂದೆಯ ಹಾಗೆ ಆಗಿದ್ದೆ. ಇನ್ನೊಂದು ವಿಚಿತ್ರವನ್ನೂ ರೇಖಾ ಹೇಳಿದಳು. ಸಾವಿರ ಮೀಟರ್ ಎತ್ತರ ದಾಟಿದ ಮೇಲೆ ಇವರು ಬಹುವಚನ ಬಿಟ್ಟು ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಾರಂತೆ. ಡಾಕ್ಟರೂ ಒಂದೇ, ಬಸ್ ಡ್ರೈವರೂ ಒಂದೇ. ತುಮಕೂರಿನ ನಮ್ಮ ಸದಾಶಿವನಗರದ ಬೀದಿಯಲ್ಲಿ ನನ್ನನ್ನು ಸಾರ್ ಎನ್ನುವವರೆಲ್ಲ ದೇವರಾಯನದುರ್ಗದ ಮೇಲೆ ಏನ್ಲಾ ಎಂದು ಕರೆದರೆ ಹೇಗಿರುತ್ತದೆ ಎಂದು ಯೋಚಿಸಿದೆ. ಮೊದಲು ಬೇಜಾರಾಯಿತು, ಆಮೇಲೆ ಇಷ್ಟವಾಯಿತು.

ಕೆರೆ

ಕೆರೆ ನಮ್ಮ ತುಮಕೂರಿನ ಅಮಾನಿಕೆರೆಯ ಕಾಲು ಭಾಗವೂ ಇಲ್ಲ. ಆದರೆ ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಬೆಣಚುಕಲ್ಲುಗಳನ್ನು ಎಣಿಸಬಹುದಿತ್ತು. ಬೆರಳದ್ದಿದ ಲಲಿತಾ ಸುಟ್ಟವಳ ಹಾಗೆ ಕೈ ಎಳೆದುಕೊಂಡಳು. ಅಂಥ ನೀರಿಗೆ ಬಿಳೀ ಕೂದಲಿನ ಒಬ್ಬ ಅಜ್ಜ ಚಡ್ಡಿಯಲ್ಲಿ ಇಳಿದು, ಸ್ನಾನದ ತೊಟ್ಟಿಗೆ ಇಳಿದಷ್ಟು ನೆಮ್ಮದಿಯಾಗಿ ಈಜುತ್ತಿದ್ದ. ಅಲ್ಲಿನ ಪದ್ಧತಿಯಂತೆ ನಾನೂ ಏಕವಚನದಲ್ಲೇ ಬರೆಯುತ್ತಿದ್ದೇನೆ.

ಹೊರಗೆ ಬಂದು ಮೈ ಒರೆಸಿಕೊಳ್ಳುತ್ತಾ ಅವನೇ ಮಾತಿಗೆ ಬಂದ. ಹೆಸರು ಯೋಸೆಫ್. ರೇಖಾ ನಡುವೆ ನಿಂತು ಎರಡೂ ಕಡೆ ಭಾಷಾಂತರ ಮಾಡಿದಳು. ಅವನದು ದೂರದ ಬಯಲುಸೀಮೆಯ ಊರು, ಈ ಬೆಟ್ಟಕ್ಕೆ ಎಷ್ಟೋ ವರ್ಷದ ಮೇಲೆ ಬಂದಿದ್ದಾನೆ, ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ನಡೆಯುತ್ತಾನೆ.

"ನಮ್ಮಂಗೇ ಬಯಲುಸೀಮೆಯವ್ರು ಅನ್ನು" ಎಂದು ಲಲಿತಾ ಕೊಬ್ಬರಿ ಮಿಠಾಯಿ ಕೊಟ್ಟಳು. ಅವನು ಅದನ್ನು ಕಚ್ಚಿ, ಕಣ್ಣು ಮುಚ್ಚಿ, ಇನ್ನೊಂದಕ್ಕೆ ಕೈಚಾಚಿದ. ಬಂಡೆ ಹತ್ತಿ ಬಂದು ಹೋಟೆಲಿನಲ್ಲಿ ಸಿಗುತ್ತೇನೆ ಎಂದ. ನಾವು ಮುಂದೆ ಹೊರಟೆವು.

ನೋಟದ ಬಂಡೆ

ಕೆರೆಯಿಂದ ಮೇಲೆ ಮರಗಳಿಲ್ಲ. ಬರೀ ಕಲ್ಲುಹಾಸು, ನಡುವೆ ಮೋಟು ಹುಲ್ಲು. ದಾರಿ ಮಣ್ಣಿನಲ್ಲಿ ಮೂಡಿರಲಿಲ್ಲ, ಬಣ್ಣದ ಪಟ್ಟೆಗಳೂ ಮಾಸಿದ್ದವು. ಅವುಗಳ ಬದಲು ಮೂವತ್ತು ನಲವತ್ತು ಹೆಜ್ಜೆಗೊಂದು ಕಡೆ, ಮೊಳಕಾಲುದ್ದ, ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದರು. ರೇಖಾ ಫೋನಿನಲ್ಲಿ ಮಾತಾಡುತ್ತಾ ಬಹಳ ಮುಂದೆ ಹೋಗಿದ್ದಳು. ಲಲಿತಾ ಮೊದಲ ಗುಪ್ಪೆಯ ಮುಂದೆ ಸಟ್ಟನೆ ನಿಂತಳು.

"ರೀ, ಇವ್ರೂ ಮನೆ ಹರಕೆ ಹೊರ್ತಾರೇನ್ರೀ?"

ನಮ್ಮ ಕಡೆಯ ಬೆಟ್ಟಗಳಲ್ಲಿ ಸ್ವಂತ ಮನೆ ಬೇಕೆನ್ನುವವರು ಹೀಗೆಯೇ ಕಲ್ಲು ಪೇರಿಸಿ ಕೈಮುಗಿದು ಬರುತ್ತಾರೆ. ಎಷ್ಟು ಕಲ್ಲೋ ಅಷ್ಟು ಅಂತಸ್ತು. ಯಾರೂ ಇನ್ನೊಬ್ಬರದನ್ನು ಬೀಳಿಸುವುದಿಲ್ಲ, ಬೀಳಿಸಿದರೆ ಅವರ ಮನೆ ಕೆಟ್ಟಂತೆ. ನನಗೆ ಇಲ್ಲಿನ ಸಂಗತಿ ಏನೇನೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ಮೇಷ್ಟರ ಬಾಯಿಗೆ ಬರುವ ಮಾತಲ್ಲ.

"ಹೂಂ ಮತ್ತೆ. ಎಲ್ಲಾ ದೇಶದಲ್ಲೂ ಜನ ಒಂದೇ ಕಣೇ. ಯಾರಿಗೆ ಬೇಡ ಮನೆ?"

ನನಗೆ ಬೇಡವಾಗಿತ್ತು. ಅದನ್ನೂ ಇಲ್ಲಿ ಹೇಳಿಬಿಡಬೇಕು. ಮದುವೆಯಾದಂದಿನಿಂದ ತುಮಕೂರಿನಲ್ಲಿ ನಾವು ಏಳು ಬಾಡಿಗೆ ಮನೆ ಬದಲಾಯಿಸಿದ್ದೇವೆ. ಒಬ್ಬ ಮಾಲೀಕರು ಗೋಡೆಗೆ ಮೊಳೆ ಹೊಡೆಯಬಾರದು ಎಂದರು, ಇನ್ನೊಬ್ಬರು ಒಳಕಲ್ಲಲ್ಲಿ ರುಬ್ಬಬಾರದು ಎಂದರು, ಈಗಿನವರು ಬಾಗಿಲ ಮುಂದೆ ಗಿಡ ಇಡಬಾರದು ಎನ್ನುತ್ತಾರೆ. ಕುಣಿಗಲ್ ರಸ್ತೆಯ ಕಡೆ ಹನ್ನೊಂದು ವರ್ಷದಿಂದ ಒಂದು ಸೈಟು ಇದೆ. ಕಟ್ಟಬಹುದಿತ್ತು. ಮೇಸ್ತ್ರಿ, ಸಿಮೆಂಟು, ಮರಳು, ಇವುಗಳ ಹಿಂದೆ ಓಡಾಡುವ ರಗಳೆ ಯಾರಿಗೆ ಬೇಕು ಎಂದು ನಾನು ಪ್ರತಿ ವರ್ಷ ಒಂದೊಂದು ನೆಪ ಹೇಳಿದೆ. ಮೊದಲು ಪರೀಕ್ಷೆ, ಆಮೇಲೆ ಮಳೆ, ಆಮೇಲೆ ರಿಟೈರ್ ಆಗಲಿ. ಹೋದ ವರ್ಷ ರಿಟೈರೂ ಆದೆ. ಲಲಿತಾ ಜಗಳವಾಡಲಿಲ್ಲ. ಹೋದ ಬೆಟ್ಟದಲ್ಲೆಲ್ಲ ಕಲ್ಲು ಪೇರಿಸಿ ಬಂದಳು.

ಬಂಡೆಯ ಮೇಲಿನ ನೋಟದ ಬಗ್ಗೆ ಹೆಚ್ಚು ಬರೆಯಲಾರೆ. ಕೆಳಗೆ ಕಣಿವೆ, ಅದರೊಳಗೆ ರೇಖಾಳ ಊರು, ಚರ್ಚಿನ ಚೂಪು ಗೋಪುರ, ಎದುರಿಗೆ ಹಿಮದ ಬೆಟ್ಟಗಳ ಸಾಲು. ನೋಡುತ್ತಾ ನೋಡುತ್ತಾ ನನಗೆ ಮಾತು ನಿಂತುಹೋಯಿತು, ಅದು ಅಪರೂಪ ಎಂದು ಇಬ್ಬರೂ ಹೇಳಿದರು.

ಇಳಿಯುವಾಗಲೂ ರೇಖಾ ಮುಂದೆ. ನಾನು ಫೋಟೊ ತೆಗೆಯುತ್ತಾ ಹಿಂದುಳಿದೆ. ಕಲ್ಲುಹಾಸು ಎರಡಾಗಿ ಸೀಳುವ ಒಂದು ತಿರುವಿನಲ್ಲಿ, ಎಡಗಡೆಯ ಒಂದು ಚಪ್ಪಟೆ ಬಂಡೆಯ ಮೇಲೆ, ಲಲಿತಾ ಕಲ್ಲು ಪೇರಿಸುತ್ತಿದ್ದಳು. ನಮ್ಮೂರಲ್ಲಿ ಐದು ನಿಮಿಷದ ಕೆಲಸ. ಇಲ್ಲಿ ಕಲ್ಲುಗಳು ಹಲಗೆಯಂತೆ ಚಪ್ಪಟೆ, ಎಷ್ಟು ಬೇಕಾದರೂ ಸಿಗುತ್ತವೆ. ಅವಳು ಮನಸ್ಸಿಟ್ಟು ನಾಲ್ಕು ಗೋಡೆ, ಮೇಲೊಂದು ಚಪ್ಪಡಿ, ಮತ್ತೆ ಗೋಡೆ, ಮತ್ತೆ ಚಪ್ಪಡಿ ಎಂದು ಸೊಂಟದೆತ್ತರ ಕಟ್ಟಿದಳು. ತುದಿಯಲ್ಲಿ ಒಂದು ದುಂಡುಕಲ್ಲು. ಕಣ್ಣು ಮುಚ್ಚಿ ಕೈಮುಗಿದಳು. ನಾನು ಅದರ ಫೋಟೊ ತೆಗೆದೆ.

ಹೋಟೆಲು

ಆ ಮರದ ಹೋಟೆಲಿನ ಯಜಮಾನಿ ಐವತ್ತರ ಗಟ್ಟಿ ಹೆಂಗಸು. ಅಡುಗೆ, ಬಡಿಸುವುದು, ಸೌದೆ ಒಡೆಯುವುದು ಎಲ್ಲ ಅವಳೇ. ಮಾಂಸ ಇಲ್ಲದ್ದು ಎಂದು ಕೇಳಿದಾಗ ಬೆಣ್ಣೆಯಲ್ಲಿ ತೇಲುವ ಎರಡೆರಡು ಹಸಿರು ಉಂಡೆ ತಂದಿಟ್ಟಳು. ಬ್ರೆಡ್ಡಿಗೆ ಸೊಪ್ಪು, ಚೀಸು ಸೇರಿಸಿ ಬೇಯಿಸಿದ್ದಂತೆ. ಆಕಾರದಲ್ಲಿ ನಮ್ಮ ಮುದ್ದೆಯೇ. ನಾನು ಸಂತೋಷದಿಂದ ಒಂದು ತುತ್ತು ಮುರಿದು ಬೆಣ್ಣೆಯಲ್ಲಿ ಅದ್ದಿ, ಮುದ್ದೆ ನುಂಗುವಂತೆ ಅಗಿಯದೆ ನುಂಗಿದೆ. ಬ್ರೆಡ್ಡು ಗಂಟಲಲ್ಲಿ ಕೂತಿತು. ಯಜಮಾನಿ ಬಂದು ಬೆನ್ನಿಗೆ ನಾಲ್ಕು ಗುದ್ದು ಕೊಟ್ಟಳು. ಆ ಗುದ್ದಿಗಿಂತ ಬ್ರೆಡ್ಡೇ ವಾಸಿಯಿತ್ತು.

ಇಷ್ಟರಲ್ಲಿ ಮಂಜು ಇಳಿಯಿತು. ಬಂತು ಎನ್ನುವಷ್ಟರಲ್ಲಿ ಕೆರೆ ಮಾಯ. ಹತ್ತು ನಿಮಿಷಕ್ಕೆ ಹೋಟೆಲಿನ ಜಗಲಿಯ ಕಂಬವೂ ಕಾಣಲಿಲ್ಲ. ಯಜಮಾನಿ ಒಲೆಯ ಮೇಲಿದ್ದ ಒಂದು ಸೂಪಿನ ಪಾತ್ರೆ ನೋಡಿ, ಗಡಿಯಾರ ನೋಡಿ, ರೇಖಾಳಿಗೆ ಏನೋ ಹೇಳಿದಳು.

"ಆ ಯೋಸೆಫ್ ಅಜ್ಜ ಸೂಪ್ ಹೇಳಿ ಬಂಡೆಗೆ ಹೋದ್ರಂತೆ. ಇಷ್ಟೊತ್ತಿಗೆ ಬರ್ಬೇಕಿತ್ತಂತೆ" ಎಂದಳು ರೇಖಾ.

ನಾವು ಬಂಡೆಯಿಂದ ಇಳಿಯತೊಡಗಿದಾಗಲೇ ಅವನು ಎರಡು ಕೋಲು ಊರಿಕೊಂಡು ಹತ್ತುತ್ತಾ ಎದುರಾಗಿದ್ದ. ಸೂಪು ಹೇಳಿ ಹೋದವನು ಬಂದೇ ಬರುತ್ತಾನೆ ಎನ್ನುವುದು ಅಲ್ಲಿನ ಲೆಕ್ಕ. ಬರದಿದ್ದರೆ ಏನೋ ಆಗಿದೆ ಎಂದರ್ಥ. ಯಜಮಾನಿ ಜಗಲಿಗೆ ಹೋಗಿ ಅಲ್ಲಿ ತೂಗುಹಾಕಿದ್ದ ಗಂಟೆ ಬಾರಿಸಿದಳು. ನಿಲ್ಲಿಸಿ ಕಿವಿಗೊಟ್ಟಳು. ಮತ್ತೆ ಬಾರಿಸಿದಳು.

ಬಹಳ ಹೊತ್ತಿನ ಮೇಲೆ ಎಲ್ಲೋ ದೂರದಿಂದ ಒಂದು ವಿಶಲ್ ಕೇಳಿತು. ಯಜಮಾನಿಯ ಮುಖ ಗಂಭೀರವಾಯಿತು. ಶಬ್ದ ದಾರಿಯ ಕಡೆಯಿಂದ ಬರುತ್ತಿರಲಿಲ್ಲ. ಇಳಿದು ಬರುವವರ ಎಡಕ್ಕೆ ಕಡಿದಾದ ಜಾರುಕಲ್ಲಿನ ಇಳಿಜಾರಿದೆಯಂತೆ, ಅದರ ಕಡೆಯಿಂದ. ಅವಳು ಹಗ್ಗ ಹೆಗಲಿಗೆ ಹಾಕಿಕೊಂಡಳು. ನಾನು ನರ್ಸ್, ನಾನೂ ಬರ್ತೀನಿ ಎಂದು ರೇಖಾ ಹೊರಟಳು. ನಮಗೆ ಗಂಟೆ ಬಾರಿಸುವ ಕೆಲಸ ಒಪ್ಪಿಸಿದರು.

ಮಂಜು

ನಾನೂ ಲಲಿತಾಳೂ ಸರದಿಯ ಮೇಲೆ ಬಾರಿಸಿದೆವು. ಒಂದು ಗಂಟೆಯಾಗಿರಬಹುದು. ಮೊದಲು ಮಾತು ಕೇಳಿತು, ಆಮೇಲೆ ಮೂವರು ಮಂಜಿನಿಂದ ಮೂಡಿದರು. ಯೋಸೆಫ್ ನಡುವೆ, ಇಬ್ಬರ ಹೆಗಲ ಮೇಲೆ ತೋಳು ಹಾಕಿ ಕುಂಟುತ್ತಾ. ಮಂಡಿ ಉಳುಕಿತ್ತು, ಅಂಗೈ ತರಚಿತ್ತು. ಅಷ್ಟೇ. ನನಗೆ ಉಸಿರು ಬಂತು.

ಅವನನ್ನು ಒಲೆಯ ಹತ್ತಿರ ಕೂರಿಸಿ ರೇಖಾ ಮಂಡಿಗೆ ಪಟ್ಟಿ ಸುತ್ತುತ್ತಾ ನಡೆದದ್ದನ್ನು ಹೇಳಿದಳು.

"ಮಂಜಲ್ಲಿ ಏನೂ ಕಾಣ್ತಿರ್ಲಿಲ್ವಂತೆ. ಕಲ್ಲುಗುಪ್ಪೆ ನೋಡ್ಕೊಂಡು ನೋಡ್ಕೊಂಡು ಇಳಿದ್ರಂತೆ. ದಾರಿ ತಪ್ಪಬಾರ್ದು ಅಂತಾನೇ ಇಲ್ಲಿ ಅವನ್ನ ಕಟ್ಟಿರೋದು ಮಾವ. ಒಂದು ತಿರುವಲ್ಲಿ ಎಡಗಡೆ ದೊಡ್ಡದೊಂದು ಗುಪ್ಪೆ ಕಂಡಿದೆ. ಅದೇ ದಾರಿ ಅಂತ ಹೋಗಿದಾರೆ. ಅಲ್ಲಿಂದಾಚೆ ಬೇರೆ ಗುಪ್ಪೆ ಸಿಕ್ಕಿಲ್ಲ, ಕಾಲು ಜಾರಿದೆ. ಇನ್ನೊಂದು ಹತ್ತು ಹೆಜ್ಜೆ ಹೋಗಿದ್ರೆ ಕಷ್ಟ ಇತ್ತು. ಯಾರೋ ತಲೆ ಇಲ್ದೋರು ಕಟ್ಟಿದಾರೆ ಅಂತ ಹೋಟೆಲಿನವರು ಬೈತಿದಾರೆ."

ಲಲಿತಾಳ ಮುಖದಲ್ಲಿ ರಕ್ತವಿರಲಿಲ್ಲ. ನಾನು ಅವಳ ಕೈ ಹಿಡಿದು ಮೆಲ್ಲಗೆ ಹೇಳಿದೆ.

"ಸುಮ್ನಿರು. ಯಾರಿಗೂ ಗೊತ್ತಾಗಲ್ಲ."

ಆ ಮಾತನ್ನು ನಾನು ಹೇಳಿದೆ. ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದು ಮೂವತ್ತೆರಡು ವರ್ಷ ಹೇಳಿದ ಬಾಯಲ್ಲೇ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಅವಳು ಕೈ ಬಿಡಿಸಿಕೊಂಡಳು. "ರೇಖಾ, ಅದು ನಾನು ಕಟ್ಟಿದ್ದು ಅಂತ ಹೇಳು ಅವ್ರಿಗೆ."

"ಅತ್ತೆ?"

"ಹೇಳಮ್ಮ. ಮನೆ ಆಗ್ಲಿ ಅಂತ ಕಟ್ದೆ. ನಮ್ ಕಡೆ ಕಟ್ತಾರೆ. ಇಲ್ಲಿ ಅದು ದಾರಿ ಅಂತ ನಂಗೆ ಗೊತ್ತಿರ್ಲಿಲ್ಲ. ತಪ್ಪಾಯ್ತು ಅಂತ ಹೇಳು."

ರೇಖಾ ಹೇಳಿದಳು. ಹೇಳಲು ಬಹಳ ಹೊತ್ತು ಹಿಡಿಯಿತು, ಒಂದು ಹರಕೆಯನ್ನು ಇನ್ನೊಂದು ದೇಶದ ಭಾಷೆಯಲ್ಲಿ ಹೇಳುವುದು ಸುಲಭವಲ್ಲ. ಯಜಮಾನಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಇದು ಅವಳಿಗೆ ಹೇಳಿಕೊಟ್ಟದ್ದು ನಾನು ಎಂದು ನಾನೂ ಬಾಯಿಬಿಟ್ಟೆ, ತಡವಾಗಿಯಾದರೂ. ಯೋಸೆಫ್ ಮಾತ್ರ ಲಲಿತಾಳನ್ನೇ ನೋಡುತ್ತಿದ್ದ. ಆಮೇಲೆ ಒಂದು ಪ್ರಶ್ನೆ ಕೇಳಿದ.

"ಎರಡು ಅಂತಸ್ತು ನೋಡ್ದೆ, ಮೂರನೇದು, ಆ ದುಂಡುಕಲ್ಲು, ಏನು ಅಂತ ಕೇಳ್ತಿದಾರೆ ಅತ್ತೆ."

"ಕೆಳಗಡೆ ನಾವು. ಮೇಲೆ ಬಾಡಿಗೆಗೆ. ಅದರ ಮೇಲೆ ನೀರಿನ ಟ್ಯಾಂಕು" ಎಂದಳು ಲಲಿತಾ. "ಬಾಡಿಗೆಗೆ ಬರೋರು ಗಿಡ ಇಟ್ಕೊಬೌದು ಅಂತ್ಲೂ ಹೇಳು."

ಯೋಸೆಫ್ ನಕ್ಕ, ನಕ್ಕಿದ್ದಕ್ಕೆ ಮಂಡಿ ನೋಯಿತು, ಮುಖ ಕಿವುಚಿದ. ಯಜಮಾನಿಯ ಬಿಗಿ ಸ್ವಲ್ಪ ಸಡಿಲವಾಯಿತು. ಆದರೆ ಅವಳು ಹೇಳಬೇಕಾದದ್ದನ್ನು ಹೇಳಿದಳು. ಮಂಜು ತೆಳುವಾಗುತ್ತಿದೆ, ನಾನು ಹೋಗಿ ಅದನ್ನು ಕೆಡವಿ ಬರುತ್ತೇನೆ.

"ಬ್ಯಾಡ" ಎಂದಳು ಲಲಿತಾ. "ಅವರು ಮುಟ್ಟೋದು ಬ್ಯಾಡ. ನಾನೇ ಬರ್ತೀನಿ."

ತಿರುವು

ಯೋಸೆಫ್‌ನನ್ನು ಒಲೆಯ ಹತ್ತಿರ ಬಿಟ್ಟು ನಾವು ಮೂವರೂ ಯಜಮಾನಿಯ ಹಿಂದೆ ಹೋದೆವು. ಮಂಜಿನಲ್ಲಿ ಆ ಗುಪ್ಪೆ ದೂರದಿಂದಲೇ ಕಂಡಿತು. ಪಕ್ಕದಲ್ಲಿ, ಸರಿಯಾದ ದಾರಿಯ ಮೇಲಿದ್ದ ಹಳೆಯ ಗುಪ್ಪೆ ಅರ್ಧ ಕುಸಿದು ಹುಲ್ಲಲ್ಲಿ ಮುಳುಗಿತ್ತು. ಯಾರಾದರೂ ಎಡಕ್ಕೇ ಹೋಗುತ್ತಿದ್ದರು, ನಾನೂ ಹೋಗುತ್ತಿದ್ದೆ.

ಲಲಿತಾ ಮೊದಲು ದುಂಡುಕಲ್ಲನ್ನು ತೆಗೆದಳು. ನಾನು ಚಪ್ಪಡಿಗೆ ಕೈ ಹಾಕಲು ಹೋದೆ.

"ನೀವು ಮುಟ್ಬೇಡಿ. ನಾನ್ ಕಟ್ಟಿದ್ದು ನಾನೇ ತೆಗೀತೀನಿ."

ಒದ್ದು ಬೀಳಿಸಬಹುದಿತ್ತು, ಒಂದು ಕ್ಷಣದ ಕೆಲಸ. ಅವಳು ಹಾಗೆ ಮಾಡಲಿಲ್ಲ. ಒಂದೊಂದೇ ಕಲ್ಲು ಎತ್ತಿ, ಕುಸಿದಿದ್ದ ಹಳೆಯ ಗುಪ್ಪೆಯ ಹತ್ತಿರ ಹೊತ್ತು ತಂದು ಇಟ್ಟಳು. ಯಜಮಾನಿ ಅವನ್ನು ತೆಗೆದುಕೊಂಡು ಹಳೆಯದರ ಮೇಲೆ ಜೋಡಿಸುತ್ತಾ ಹೋದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಯಾವ ಕಲ್ಲು ಎಲ್ಲಿ ಕೂರುತ್ತದೆ ಎನ್ನುವುದನ್ನು ಮಾತ್ರ ಇಬ್ಬರೂ ಕೈಸನ್ನೆಯಲ್ಲೇ ಮಾತಾಡಿಕೊಂಡರು. ಎಡಗಡೆಯ ಬಂಡೆ ಬರಿದಾದಾಗ ಲಲಿತಾ ಅದರ ಮೇಲೆ ಅಂಗೈ ಸವರಿದಳು. ಅವಳ ಕಣ್ಣಲ್ಲಿ ನೀರಿತ್ತು. ಮದುವೆಯಾದಾಗಿನಿಂದ ಅವಳು ಎಷ್ಟು ಬೆಟ್ಟಗಳಲ್ಲಿ ಕಲ್ಲು ಪೇರಿಸಿದ್ದಾಳೋ, ಒಂದನ್ನೂ ಕೆಡವಿರಲಿಲ್ಲ.

ಯಜಮಾನಿ ಕೊನೆಯ ದುಂಡುಕಲ್ಲನ್ನು ಲಲಿತಾಳ ಕೈಗೇ ಕೊಟ್ಟು, ತುದಿಯಲ್ಲಿಡು ಎಂದು ತೋರಿಸಿದಳು. ನಿನ್ನ ಹರಕೆ ಇಲ್ಲೇ ಬೇಡಿಕೋ ಎನ್ನುತ್ತಿದ್ದಾರೆ ಎಂದು ರೇಖಾ ಹೇಳಿದಳು. ಲಲಿತಾ ಕಲ್ಲಿಟ್ಟಳು, ಕೈಮುಗಿಯಲಿಲ್ಲ.

"ಇದು ದಾರಿಹೋಕರದು. ಇದ್ರಲ್ಲಿ ನಮ್ದೇನೂ ಇಲ್ಲ" ಎಂದಳು.

ಇಳಿಜಾರು

ಯೋಸೆಫ್‌ನನ್ನು ಕರೆದೊಯ್ಯಲು ಕಾಡುದಾರಿಯಲ್ಲಿ ಒಂದು ಜೀಪು ಬಂತು. ಅವನು ನಮ್ಮನ್ನೂ ಕರೆದ, ನಾವು ನಡೆದೇ ಹೋಗುತ್ತೇವೆ ಎಂದೆವು. ರೇಖಾ ಅವನ ಜೊತೆ ಹೋದಳು. ಹಾಗಾಗಿ ಕಾಡಿನೊಳಗೆ ನಾವಿಬ್ಬರೇ ಇಳಿದೆವು. ಎದುರಾದವರು ನಮಸ್ಕಾರ ಹೇಳುತ್ತಲೇ ಇದ್ದರು, ಲಲಿತಾ ಎಲ್ಲರಿಗೂ ಉತ್ತರ ಕೊಟ್ಟಳು, ನನ್ನ ಜೊತೆ ಮಾತ್ರ ಮಾತಿಲ್ಲ.

ನಾನೇ ಶುರು ಮಾಡಿದೆ. "ಊರಿಗೆ ಹೋದ್ಮೇಲೆ ಸಿದ್ದರಬೆಟ್ಟಕ್ಕೆ ಹೋಗಣ. ಅಲ್ಲಿ ಇನ್ನೊಂದು ಕಟ್ಟುವಂತೆ."

ಅವಳು ನಿಂತಳು. ಕೋಪವಿರಲಿಲ್ಲ. ಅಷ್ಟು ನೇರವಾಗಿ ಅವಳು ನನ್ನನ್ನು ನೋಡಿ ಎಷ್ಟೋ ವರ್ಷವಾಗಿತ್ತು.

"ಇನ್ ಕಟ್ಟಲ್ಲ. ಇಷ್ಟು ವರ್ಷ ಕಲ್ಲನ್ನ ಕೇಳಿದೆ. ಕಲ್ಲಿಗೇನು ಗೊತ್ತು? ಕಟ್ಟಬೇಕಾದೋರು ನೀವು, ನಿಮ್ಮನ್ನ ಒಂದ್ಸಲಾನೂ ಬಾಯಿಬಿಟ್ಟು ಕೇಳ್ಲಿಲ್ಲ. ಅದು ನನ್ ತಪ್ಪು. ಈಗ ಕೇಳ್ತಿದೀನಿ. ನಂಗೆ ಮನೆ ಕಟ್ಟಿಸ್ಕೊಡ್ತೀರಾ, ಇಲ್ವಾ?"

ನೆಪ ಹುಡುಕಲು ನನ್ನ ತಲೆ ಆಗಲೂ ಓಡಿತು. ಪರೀಕ್ಷೆಯೂ ಇರಲಿಲ್ಲ, ಮಳೆಯೂ ಇರಲಿಲ್ಲ.

"ಕಟ್ಟಿಸ್ತೀನಿ" ಎಂದೆ.

ಅವಳು ನಂಬಲಿಲ್ಲ. ನಂಬಬೇಕಾದ್ದೂ ಇರಲಿಲ್ಲ. ಚೀಲದಿಂದ ಫೋನ್ ತೆಗೆದು ಹೆಬ್ಬೂರಿನಲ್ಲಿರುವ ತಮ್ಮನಿಗೆ ಹಚ್ಚಿದಳು. ನಾಲ್ಕು ಸಲ ರಿಂಗಾಗಿ ಅವನು ಎತ್ತಿಕೊಂಡ.

"ಲೋ, ನಿಂಗೆ ಗೊತ್ತಿರೋ ಮೇಸ್ತ್ರಿ ಒಬ್ಬ ಇದಾನಲ್ಲ. ನಿಮ್ ಭಾವ ಮಾತಾಡ್ತಾರಂತೆ, ಇರು."

ಫೋನನ್ನು ನನ್ನ ಕೈಗೆ ಕೊಟ್ಟು, ನಾನು ಮಾತು ಮುಗಿಸುವವರೆಗೂ ಅವಳು ಅಲ್ಲೇ ದಾರಿಗೆ ಅಡ್ಡವಾಗಿ ನಿಂತಿದ್ದಳು.